ಖಂಡ ಹರಿಯುವ ಲೆಕ್ಕ

ಆಫ್ರಿಕಾ ಎರಡಾಗುತ್ತಿದೆ ಎಂಬ ಸುದ್ದಿ ಆಗಾಗ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಜತೆಗೊಂದು ಭಯಂಕರ ಬಿರುಕಿನ ಚಿತ್ರ. ನಿಜವಾದ ಎಳೆದಾಟ ನಡೆಯುತ್ತಿರುವುದು ಮಾತ್ರ ಯಾವ ಕ್ಯಾಮೆರಾಕ್ಕೂ ಸಿಗದ ಆಳದಲ್ಲಿ. ಆ ಎಳೆದಾಟದಲ್ಲಿ ಗೆಲ್ಲುವ ಖಂಡಗಳಿಗಿಂತ ಸೋಲುವ ಖಂಡಗಳೇ ಕಡಿಮೆ.

2018ರ ಮಾರ್ಚ್‌ನಲ್ಲಿ ಕೆನ್ಯಾದ ಮಾಯಿ ಮಹಿಯು ಪಟ್ಟಣದ ಬಳಿ, ಎಡೆಬಿಡದ ಮಳೆಯ ನಡುವೆ, ನೆಲ ಬಾಯಿಬಿಟ್ಟಿತು. ನರೋಕ್ ಕಡೆಗೆ ಹೋಗುವ ಹೆದ್ದಾರಿ ತುಂಡಾಯಿತು. ಹೊಲಗಳ ಮಧ್ಯೆ ಹತ್ತಾರು ಅಡಿ ಆಳದ ಕಂದರ ಕಾಣಿಸಿಕೊಂಡಿತು. ಅದರ ಅಂಚಿನಲ್ಲಿ ನಿಂತು ಜನ ಇಣುಕುತ್ತಿರುವ ಚಿತ್ರಗಳು ಕೆಲವೇ ದಿನಗಳಲ್ಲಿ ಜಗತ್ತು ಸುತ್ತಿದವು. ‘ಆಫ್ರಿಕಾ ಹೋಳಾಗುತ್ತಿದೆ’ ಎಂಬ ತಲೆಬರಹ ಎಲ್ಲೆಲ್ಲೂ ಹರಿದಾಡಿತು. ಆಮೇಲೆ ಭೂವಿಜ್ಞಾನಿಗಳು ಹೇಳಿದ್ದೇ ಬೇರೆ. ಅಲ್ಲಿಯ ನೆಲ ಹಳೆಯ ಜ್ವಾಲಾಮುಖಿಗಳು ಉಗುಳಿದ ಸಡಿಲ ಬೂದಿ. ಮಳೆನೀರು ಒಳಗಿಂದೊಳಗೇ ಅದನ್ನು ಕೊರೆದು ಕೊಚ್ಚಿಕೊಂಡು ಹೋಗಿತ್ತು. ಕೆಳಗೆ ಟೊಳ್ಳಾದ ಮೇಲೆ ಮೇಲಿನ ಮಣ್ಣು ಕುಸಿಯಿತು, ಅಷ್ಟೇ. ಸವಕಳಿಯ ಕೆಲಸಕ್ಕೆ ಖಂಡದ ಹೆಸರು ಸೇರಿಕೊಂಡಿತ್ತು.

ಹಾಗೆಂದು ತಲೆಬರಹ ಪೂರ್ತಿ ಸುಳ್ಳೂ ಅಲ್ಲ. ಇಥಿಯೋಪಿಯಾದ ಅಫಾರ್ ತಗ್ಗಿನಿಂದ ಹೊರಟು ಕೆನ್ಯಾ, ಟಾಂಜಾನಿಯಾ, ಮಲಾವಿಗಳನ್ನು ಹಾದು ಮೊಜಾಂಬಿಕ್ ತನಕ, ಮೂರು ಸಾವಿರ ಕಿ.ಮೀ.ಗೂ ಹೆಚ್ಚು ಉದ್ದಕ್ಕೆ, ಆಫ್ರಿಕಾ ಖಂಡ ಎಳೆತಕ್ಕೆ ಸಿಕ್ಕಿದೆ. ಪಶ್ಚಿಮಕ್ಕೆ ನೂಬಿಯಾ ಫಲಕ, ಪೂರ್ವಕ್ಕೆ ಸೊಮಾಲಿಯಾ ಫಲಕ. ಇಥಿಯೋಪಿಯಾದ ಮಧ್ಯಭಾಗದಲ್ಲಿ ಇವೆರಡೂ ವರ್ಷಕ್ಕೆ ಐದಾರು ಮಿಲಿಮೀಟರ್ ದೂರ ಸರಿಯುತ್ತವೆ. ದಕ್ಷಿಣಕ್ಕೆ ಹೋದಂತೆ ಈ ವೇಗ ಇನ್ನೂ ತಗ್ಗುತ್ತದೆ. ನಮ್ಮ ಉಗುರು ಇದಕ್ಕಿಂತ ಎಷ್ಟೋ ಪಟ್ಟು ಬೇಗ ಬೆಳೆಯುತ್ತದೆ. ಇಷ್ಟು ಮಂದಗತಿಯ ಎಳೆತಕ್ಕೆ ನೂರಕ್ಕೂ ಹೆಚ್ಚು ಕಿ.ಮೀ. ದಪ್ಪದ ಬಂಡೆ ಹೇಗೆ ಬಗ್ಗುತ್ತದೆ ಎಂಬುದೇ ಇಲ್ಲಿಯ ಕುತೂಹಲ. ಅದಕ್ಕಿಂತ ದೊಡ್ಡ ಕುತೂಹಲ, ಎಷ್ಟೋ ಸಲ ಅದು ಅರ್ಧ ಹರಿದು ಸುಮ್ಮನಾಗುವುದೇಕೆ ಎಂಬುದು.

ಅಫಾರ್, 2005

ನಿಜವಾದ ಬಿರುಕು ಬಿಟ್ಟದ್ದನ್ನು ನೋಡಬೇಕಾದರೆ ಮಾಯಿ ಮಹಿಯು ಬಿಟ್ಟು ಅಫಾರ್‌ಗೆ ಹೋಗಬೇಕು. ಅರೇಬಿಯಾ, ನೂಬಿಯಾ, ಸೊಮಾಲಿಯಾ ಈ ಮೂರು ಫಲಕಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತಿರುವ ಜಾಗ ಅದು. 2005ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ದಬ್ಬಾಹು ಜ್ವಾಲಾಮುಖಿಯ ಸುತ್ತ ನೆಲ ನಡುಗತೊಡಗಿತು. ಮೂರು ವಾರಗಳೊಳಗೆ 3.9ಕ್ಕಿಂತ ಹೆಚ್ಚು ತೀವ್ರತೆಯ 160ಕ್ಕೂ ಮಿಕ್ಕಿ ಕಂಪನಗಳು ದಾಖಲಾದವು. ಸೆಪ್ಟೆಂಬರ್ 26ರಂದು ಸುಮಾರು ಅರ್ಧ ಕಿ.ಮೀ. ಉದ್ದದ ಬಿರುಕೊಂದು ತೆರೆದು ಬೂದಿ ಚಿಮ್ಮಿತು. ಒಂಟೆ, ಆಡುಗಳನ್ನು ಮೇಯಿಸಿಕೊಂಡಿದ್ದ ಅಫಾರ್ ಜನ ದಿಕ್ಕೆಟ್ಟು ಓಡಿದರು.

ಕಣ್ಣಿಗೆ ಕಂಡ ಈ ಬಿರುಕೂ ಕತೆಯ ತುದಿ ಮಾತ್ರ. ಉಪಗ್ರಹದ ರೇಡಾರ್ ಕೆಲವು ವಾರಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ ನೋಡಿದಾಗ ವಿಜ್ಞಾನಿಗಳೇ ಬೆರಗಾದರು. ಸುಮಾರು 60 ಕಿ.ಮೀ. ಉದ್ದಕ್ಕೆ ನೆಲ ಪಕ್ಕಕ್ಕೆ ಸರಿದಿತ್ತು. ಕೆಲವೆಡೆ ಆ ಅಂತರ ಎಂಟು ಮೀಟರ್! ಆ ಸಂದಿಯನ್ನೆಲ್ಲ ಕೆಳಗಿಂದ ನುಗ್ಗಿದ ಶಿಲಾಪಾಕ ತುಂಬಿತ್ತು. ನೆಟ್ಟಗೆ ನಿಂತ ಗೋಡೆಯ ಆಕಾರದಲ್ಲಿ ಹೆಪ್ಪುಗಟ್ಟುವ ಇಂಥ ಶಿಲಾಪಾಕಕ್ಕೆ ಡೈಕ್ ಎನ್ನುತ್ತಾರೆ. ಅದರ ಗಾತ್ರ ಸುಮಾರು ಎರಡೂವರೆ ಘನ ಕಿ.ಮೀ., ಮೇಲಕ್ಕೆ ಬಂದು ಗಾಳಿ ಕಂಡದ್ದು ಅದರಲ್ಲಿ ಅತ್ಯಲ್ಪ. ಮುಂದಿನ ಐದು ವರ್ಷಗಳಲ್ಲಿ ಅದೇ ಜಾಗದಲ್ಲಿ ಇನ್ನೂ ಹತ್ತಾರು ಸಲ, ಸಣ್ಣ ಪ್ರಮಾಣದಲ್ಲಿ, ಶಿಲಾಪಾಕ ನುಗ್ಗಿತು.

ಇದರರ್ಥ ಸರಳ. ಅಫಾರ್‌ನ ಆ ಭಾಗದಲ್ಲಿ ಫಲಕಗಳು ವರ್ಷಕ್ಕೆ ಎರಡು ಸೆಂ.ಮೀ.ಗೂ ಕಡಿಮೆ ಸರಿಯುತ್ತವೆ. ಹಾಗಾದರೆ ಎಂಟು ಮೀಟರ್ ಎಂದರೆ ಶತಮಾನಗಳ ಬಾಕಿ. ಕಲ್ಲು ಅಷ್ಟು ಕಾಲ ಎಳೆತವನ್ನು ತಡೆದುಕೊಂಡು, ಕೆಲವೇ ವಾರಗಳಲ್ಲಿ ಲೆಕ್ಕ ಚುಕ್ತಾ ಮಾಡಿತು. ನಾವು ‘ವರ್ಷಕ್ಕೆ ಇಷ್ಟು ಮಿಲಿಮೀಟರ್’ ಎಂದು ಹೇಳುವುದು ಬರಿಯ ಸರಾಸರಿ. ಮೇಲ್ಪದರದ ಕಲ್ಲಿಗೆ ದಿನದಿನವೂ ಒಂದೇ ಸಮ ಸರಿಯುವ ಅಭ್ಯಾಸವಿಲ್ಲ.

ಒಂದೇ ಕಲ್ಲಿಗೆ ಎರಡು ಸ್ವಭಾವ

ಭೂಮಿಯ ಹೊರಪದರವನ್ನು ಭೂಕವಚ ಎನ್ನುತ್ತೇವೆ. ಖಂಡಗಳ ಕೆಳಗೆ ಅದು ಸಾಮಾನ್ಯವಾಗಿ 35ರಿಂದ 40 ಕಿ.ಮೀ. ದಪ್ಪ. ಅದರಡಿಗೆ ಮ್ಯಾಂಟಲ್. ಶಾಲೆಯ ಪುಸ್ತಕದ ಚಿತ್ರದಲ್ಲಿ ಇವೆರಡರ ನಡುವೆ ದಪ್ಪ ಗೆರೆ ಇರುತ್ತದೆ, ಹಾಗಾಗಿ ಫಲಕ ಎಂದರೆ ಭೂಕವಚ ಎಂದೇ ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಮ್ಯಾಂಟಲ್‌ನ ಮೇಲ್ಭಾಗವೂ ಗಟ್ಟಿಯಾಗಿ ಭೂಕವಚಕ್ಕೆ ಅಂಟಿಕೊಂಡಿರುತ್ತದೆ. ಎರಡೂ ಸೇರಿ ಶಿಲಾಗೋಳ. ಅದರ ದಪ್ಪ ನೂರು, ನೂರೈವತ್ತು ಕಿ.ಮೀ., ಪುರಾತನ ಖಂಡಭಾಗಗಳ ಕೆಳಗೆ ಇನ್ನೂರು ಕಿ.ಮೀ. ದಾಟುವುದೂ ಉಂಟು. ಅದರ ತಳದಲ್ಲಿ ಉಷ್ಣತೆ ಸುಮಾರು 1,300 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಕೆಳಗಿನ ಮ್ಯಾಂಟಲ್ ಘನವೇ ಆದರೂ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಹರಿಯುವಷ್ಟು ಮೆತ್ತಗಿರುತ್ತದೆ. ಖಂಡ ಹರಿಯಬೇಕಾದರೆ ಈ ಇಡೀ ದಪ್ಪ ಹರಿಯಬೇಕು. ಮೇಲಿನ ಬಿರುಕು ನೋಡಿ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕೇ.

ಎಳೆದಾಗ ಆಳಕ್ಕೆ ತಕ್ಕಂತೆ ಕಲ್ಲಿನ ವರ್ತನೆ ಬದಲಾಗುತ್ತದೆ. ಆರಿದ ಬೆಲ್ಲದಚ್ಚನ್ನು ಜಗ್ಗಿದರೆ ಫಟ್ಟೆಂದು ಒಡೆಯುತ್ತದೆ, ಅದೇ ಬೆಲ್ಲ ಬಿಸಿ ಪಾಕದಲ್ಲಿದ್ದಾಗ ಎಳೆಎಳೆಯಾಗಿ ಬರುತ್ತದೆ. ಶಿಲಾಗೋಳದ ಮೇಲಿನ ಹತ್ತು ಹದಿನೈದು ಕಿ.ಮೀ. ತಣ್ಣಗಿರುವುದರಿಂದ ಅಲ್ಲಿ ಒಡೆಯುವಿಕೆ. ಕಲ್ಲು ಓರೆಯಾಗಿ ಸೀಳಿ, ಸೀಳಿನ ಒಂದು ಬದಿ ಕೆಳಕ್ಕೆ ಜಾರುತ್ತದೆ. ಇದನ್ನು ಸ್ತರಭಂಗ ಎನ್ನುತ್ತಾರೆ. ಎಷ್ಟೋ ಸಲ ಒಂದೇ ಕಡೆ ದೊಡ್ಡ ಸ್ತರಭಂಗವಿದ್ದು, ಕಣಿವೆಯ ಒಂದು ಬದಿ ಕಡಿದಾದ ಗೋಡೆಯಾಗಿ, ಇನ್ನೊಂದು ಬದಿ ಇಳಿಜಾರಾಗಿ ನಿಲ್ಲುತ್ತದೆ. ಕ್ವಾರ್ಟ್ಸ್ ಹೆಚ್ಚಿರುವ ಶಿಲೆ 300, 350 ಡಿಗ್ರಿಗೆಲ್ಲ ಮೆತ್ತಗಾಗತೊಡಗುವುದರಿಂದ ಭೂಕವಚದ ಕೆಳಭಾಗ ಒಡೆಯದೆ ಹಿಗ್ಗುತ್ತದೆ. ಇನ್ನೂ ಕೆಳಗೆ ಮ್ಯಾಂಟಲ್ ಶುರುವಾದಾಗ ಶಿಲೆ ಮತ್ತೆ ಬಿರುಸಾಗಬಹುದು. ಅಲ್ಲಿ ಹೆಚ್ಚಿರುವ ಆಲಿವಿನ್ ಖನಿಜ ಮಣಿಯಲು ಆರೇಳು ನೂರು ಡಿಗ್ರಿಯಾದರೂ ಬೇಕು. ಹೀಗೆ ಒಡೆಯುವುದು, ಹಿಗ್ಗುವುದು, ಸೊರಗುವುದು ಎಲ್ಲ ಒಂದರ ಮೇಲೊಂದು ಒಂದೇ ಹೊತ್ತಿಗೆ ನಡೆಯುತ್ತವೆ.

ಇದರ ಲೆಕ್ಕವನ್ನು ಸ್ವಚ್ಛವಾಗಿ ಬರೆದವರು ಕೇಂಬ್ರಿಜ್‌ನ ಡ್ಯಾನ್ ಮೆಕೆಂಜಿ, 1978ರಲ್ಲಿ. ಕೆಲವೇ ಪುಟಗಳ ಪ್ರಬಂಧ. ಶಿಲಾಗೋಳವನ್ನು ಎರಡು ಪಟ್ಟು ಅಗಲಕ್ಕೆ ಎಳೆದರೆ ಅದರ ದಪ್ಪ ಅರ್ಧವಾಗುತ್ತದೆ ಎಂಬ ಸರಳ ಊಹೆಯಿಂದ ಅವರು ಹೊರಟರು. ದಪ್ಪ ತಗ್ಗಿದಾಗ ಎರಡು ಪರಿಣಾಮ. ಹಗುರವಾದ ಭೂಕವಚ ತೆಳುವಾದ್ದರಿಂದ ನೆಲ ಕುಸಿಯಬೇಕು. ಕೆಳಗಿನಿಂದ ಬಿಸಿ ಮ್ಯಾಂಟಲ್ ಮೇಲೇರಿ ಬಂದದ್ದರಿಂದ ಉಬ್ಬಬೇಕು. ಸಾಮಾನ್ಯ ಖಂಡಗಳಲ್ಲಿ ಕುಸಿತದ್ದೇ ಮೇಲುಗೈ, ಕಣಿವೆ ಹುಟ್ಟುವುದು ಹಾಗೆ. ಎಳೆತ ನಿಂತ ಮೇಲೂ ಕತೆ ಮುಗಿಯುವುದಿಲ್ಲ. ಮೇಲೇರಿದ ಬಿಸಿ ನಿಧಾನವಾಗಿ ಆರುತ್ತ, ಆರುತ್ತ ಭಾರವಾಗಿ, ನೆಲ ಕೋಟಿಗಟ್ಟಲೆ ವರ್ಷ ಇಳಿಯುತ್ತಲೇ ಇರುತ್ತದೆ. ಉತ್ತರ ಸಮುದ್ರದ ತೈಲಬಾವಿಗಳು ತೋಡಿ ತೋರಿಸಿದ ಪದರಗಳಲ್ಲಿ ಈ ಎರಡು ಹಂತದ ಇಳಿತ ಕಂಡಾಗ, ತೈಲ ಕಂಪನಿಗಳು ಮೆಕೆಂಜಿಯ ಸಮೀಕರಣವನ್ನು ತಮ್ಮ ದಿನನಿತ್ಯದ ಸಲಕರಣೆ ಮಾಡಿಕೊಂಡವು. ಬಿಸಿ ಎಷ್ಟಿತ್ತು, ಎಷ್ಟು ಕಾಲವಿತ್ತು ಎಂದು ಗೊತ್ತಾದರೆ ಅಲ್ಲಿಯ ಜೈವಿಕ ವಸ್ತು ಎಣ್ಣೆಯಾಗಿದೆಯೇ ಎಂದು ಅಂದಾಜು ಮಾಡಬಹುದಲ್ಲ!

ಮೆಕೆಂಜಿಯ ಮಾದರಿಯಲ್ಲಿ ಎಳೆತ ಎರಡೂ ಬದಿಗೆ ಸಮಸಮ. ಅಮೆರಿಕದ ಬ್ರಯನ್ ವರ್ನಿಕಿ 1980ರ ದಶಕದಲ್ಲಿ ಇದನ್ನು ಪ್ರಶ್ನಿಸಿದರು. ನೆವಾಡಾ, ಯೂಟಾ ಸುತ್ತಿನ ನೆಲದಲ್ಲಿ ಬಹುತೇಕ ಅಡ್ಡಡ್ಡಲಾಗಿ ಮಲಗಿದ ಸ್ತರಭಂಗಗಳ ಮೇಲೆ ಬೆಟ್ಟಗಳೇ ಜಾರಿಹೋಗಿವೆ. ಅಂಥ ಕಡೆ ಭೂಕವಚ ತೆಳುವಾಗುವ ಜಾಗ ಒಂದು, ಮ್ಯಾಂಟಲ್ ತೆಳುವಾಗುವ ಜಾಗ ಇನ್ನೊಂದು ಎಂಬುದು ಅವರ ವಾದ. ಇಬ್ಬರಲ್ಲಿ ಸರಿ ಯಾರು ಎಂಬ ಜಗಳ ಬಹಳ ಕಾಲ ನಡೆಯಿತು. ನನಗನಿಸುವಂತೆ ಅದು ಅನಗತ್ಯ ಜಗಳ. ಬಿಸಿ ಖಂಡ ಒಂದು ರೀತಿ ಹಿಗ್ಗುತ್ತದೆ, ತಣ್ಣಗಿನದು ಇನ್ನೊಂದು ರೀತಿ.

ಬಲ ಸಾಲದು, ಶಿಲಾಪಾಕ ಬೇಕು

ಈ ಲೆಕ್ಕದಲ್ಲೊಂದು ತೊಡಕಿದೆ. ಫಲಕಗಳನ್ನು ಎಳೆಯುವ ಬಲಗಳನ್ನೆಲ್ಲ ಕೂಡಿದರೂ ತಣ್ಣನೆಯ, ದಪ್ಪ ಶಿಲಾಗೋಳವನ್ನು ಹರಿಯಲು ಬೇಕಾದಷ್ಟು ಆಗುವುದಿಲ್ಲ. ಕೆಲವು ಪಟ್ಟು ಕಡಿಮೆಯೇ ಬೀಳುತ್ತದೆ. ಆದರೂ ಖಂಡಗಳು ಹರಿದಿವೆಯಲ್ಲ?

ಅಮೆರಿಕದ ಭೂಭೌತವಿಜ್ಞಾನಿ ರೋಜರ್ ಬಕ್ ಇದಕ್ಕೊಂದು ದಾರಿ ತೋರಿಸಿದರು. ಕಲ್ಲನ್ನು ಒಡೆಯುವ ಬದಲು ಅದರೊಳಗೆ ಶಿಲಾಪಾಕ ನುಗ್ಗಿಸಿದರೆ, ಬಹಳ ಕಡಿಮೆ ಬಲ ಸಾಕು. ಡೈಕ್ ತಾನೇ ಸಂದಿ ಬಿಡಿಸಿಕೊಂಡು ಹೋಗುತ್ತದೆ, ಹೋದ ದಾರಿಯನ್ನೆಲ್ಲ ಬಿಸಿ ಮಾಡಿ ಮೆತ್ತಗಾಗಿಸುತ್ತದೆ. 2005ರಲ್ಲಿ ದಬ್ಬಾಹುವಿನಲ್ಲಿ ಆದದ್ದು ಈ ವಾದಕ್ಕೆ ಸಿಕ್ಕ ಬಹುದೊಡ್ಡ ಪುರಾವೆ.

ಆ ಶಿಲಾಪಾಕ ಎಲ್ಲಿಂದ ಬರಬೇಕು? ಮ್ಯಾಂಟಲ್ ಕರಗಲು ಅದಕ್ಕೆ ಬೆಂಕಿ ಹಾಕಬೇಕಾಗಿಲ್ಲ, ಮೇಲೆತ್ತಿದರೆ ಸಾಕು. ಆಳದಲ್ಲಿ ಅದನ್ನು ಘನವಾಗಿ ಹಿಡಿದಿಟ್ಟಿರುವುದು ಮೇಲಿನ ಒತ್ತಡ. ಶಿಲಾಗೋಳ ತೆಳುವಾಗಿ, ಕೆಳಗಿನ ಮ್ಯಾಂಟಲ್ ಮೇಲೇರಿದಾಗ ಒತ್ತಡ ಇಳಿಯುತ್ತದೆ, ಉಷ್ಣತೆ ಹೆಚ್ಚೇನೂ ತಗ್ಗುವುದಿಲ್ಲ, ಒಂದು ಪಾಲು ಕರಗುತ್ತದೆ. ಪೂರ್ವ ಆಫ್ರಿಕಾದ ಕೆಳಗೆ ಇದಕ್ಕೆ ಇನ್ನೊಂದು ಅನುಕೂಲವಿದೆ. ಮ್ಯಾಂಟಲ್‌ನ ಬಹು ಆಳದಿಂದ ಎದ್ದ ಬಿಸಿಯ ಒರತೆ ಅಲ್ಲಿದೆ. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಇಥಿಯೋಪಿಯಾದ ಎತ್ತರದ ನೆಲವನ್ನೆಲ್ಲ ಬಸಾಲ್ಟ್ ಪದರಗಳಿಂದ ಮುಚ್ಚಿದ್ದು ಅದೇ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಪದರಗಳನ್ನು ನೋಡಿದವರಿಗೆ ಆ ನೋಟ ಹೊಸದೇನೂ ಅನಿಸದು.

ಹಾಗಾಗಿ ಉತ್ತರದಲ್ಲಿ ಕೆಲಸ ಬಹಳ ಮುಂದುವರಿದಿದೆ. ಇಥಿಯೋಪಿಯಾದ ಪ್ರಸ್ಥಭೂಮಿಯಡಿ 40 ಕಿ.ಮೀ. ಮೀರಿರುವ ಭೂಕವಚ ಅಫಾರ್‌ಗೆ ಬರುವಷ್ಟರಲ್ಲಿ ಕೆಲವೆಡೆ 20 ಕಿ.ಮೀ.ಗೂ ಇಳಿಯುತ್ತದೆ. ದನಾಕಿಲ್ ತಗ್ಗು ಸಮುದ್ರ ಮಟ್ಟಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಹಿಂದೆ ಕೆಂಪು ಸಮುದ್ರ ಒಳನುಗ್ಗಿ ಬಂದು ಒಣಗಿದ್ದಕ್ಕೆ ಅಲ್ಲಿ ಹವಳದ ಅವಶೇಷಗಳೂ ದಪ್ಪ ಉಪ್ಪಿನ ಪದರಗಳೂ ಸಾಕ್ಷಿ. ಆ ಉಪ್ಪನ್ನು ಹಲಗೆಯಾಗಿ ಕಡಿದು ಒಂಟೆಯ ಮೇಲೆ ಹೇರುವ ಕೆಲಸ ತಲೆತಲಾಂತರದಿಂದ ನಡೆದು ಬಂದಿದೆ.

ಗ್ರೆಗರಿಯ ಮೆಟ್ಟಿಲುಗಳು

1893ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ಜಾನ್ ವಾಲ್ಟರ್ ಗ್ರೆಗರಿ ಹಮಾಲರ ತಂಡ ಕಟ್ಟಿಕೊಂಡು ಕೆನ್ಯಾದ ಬರಿಂಗೊ ಸರೋವರದ ತನಕ ನಡೆದರು. ಕಣಿವೆಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಂಡು, ಇದು ನದಿ ಕೊರೆದದ್ದಲ್ಲ, ಸ್ತರಭಂಗಗಳ ನಡುವಿನ ನೆಲ ಕುಸಿದು ಆದದ್ದು ಎಂದು ಸ್ಥಳದಲ್ಲೇ ನಿಂತು ವಿವರಿಸಿದವರು ಅವರು. ವಿಯೆನ್ನಾದ ಎಡ್ವರ್ಡ್ ಸ್ಯೂಸ್ ಅದಕ್ಕೂ ಎರಡು ವರ್ಷ ಮೊದಲೇ, ಆಫ್ರಿಕಾಕ್ಕೆ ಕಾಲಿಡದೆ, ಪ್ರವಾಸಿಗಳ ವರದಿ ಮತ್ತು ನಕ್ಷೆ ನೋಡಿಯೇ ಇದು ಎಳೆತದ ಕೆಲಸ ಎಂದಿದ್ದರು. ಕೀರ್ತಿ ಹೋದದ್ದು ನಡೆದವರಿಗೆ. ಎರಡು ಕವಲಾಗಿ ಸಾಗುವ ಈ ಸೀಳುಕಣಿವೆಯ ಪೂರ್ವ ಕವಲಿಗೆ ಇಂದಿಗೂ ಗ್ರೆಗರಿಯ ಹೆಸರು.

ಈ ಪೂರ್ವ ಕವಲು ಜ್ವಾಲಾಮುಖಿಗಳ ಬೀಡು. ಟಾಂಜಾನಿಯಾದ ಓಲ್ ಡೊಯ್ನ್ಯೊ ಲೆಂಗೈ ಜಗತ್ತಿನಲ್ಲೇ ವಿಚಿತ್ರ ಬೆಟ್ಟ. ಅದರ ಲಾವಾ ಸೋಡಾ ಕಾರ್ಬೊನೇಟ್ ತುಂಬಿದ ದ್ರವ. ಬಸಾಲ್ಟ್‌ನ ಲಾವಾ 1,100 ಡಿಗ್ರಿ ಮೀರಿದ್ದರೆ ಇದರದ್ದು ಐದಾರು ನೂರು ಡಿಗ್ರಿ. ನೀರಿನ ಹಾಗೆ ತೆಳುವಾಗಿ ಕಪ್ಪಗೆ ಹರಿದು, ಗಾಳಿಯ ತೇವಕ್ಕೆ ಬೆಳ್ಳಗಾಗುತ್ತದೆ. ಇಂಥ ಲಾವಾ ಉಗುಳುವ ಜ್ವಾಲಾಮುಖಿ ಈಗ ಇನ್ನೆಲ್ಲೂ ಇಲ್ಲ. ಕೆನ್ಯಾದ ಓಲ್ಕಾರಿಯಾದಲ್ಲಿ ಇದೇ ಸೀಳಿನ ಬಿಸಿಯಿಂದ 1981ರಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ಇಂದು ಕೆನ್ಯಾದ ವಿದ್ಯುತ್ತಿನಲ್ಲಿ ಸುಮಾರು ಶೇ 40 ಭೂಶಾಖದ್ದು. ಅಫಾರ್‌ನ ಹದಾರ್‌ನಲ್ಲಿ 1974ರಲ್ಲಿ ಸಿಕ್ಕ, ಮಾನವನ ಪೂರ್ವಜ ಕುಲದ ‘ಲೂಸಿ’ಯೂ ಇದೇ ಸೀಳಿನ ಕೊಡುಗೆ. ಕುಸಿಯುತ್ತಿದ್ದ ತಗ್ಗು 32 ಲಕ್ಷ ವರ್ಷಗಳ ಹಿಂದಿನ ಎಲುಬುಗಳನ್ನು ಹೂಳಿನಲ್ಲಿ ಮುಚ್ಚಿಟ್ಟಿತು, ಆಮೇಲಿನ ಸ್ತರಭಂಗ ಮತ್ತು ಸವೆತ ಅವನ್ನು ಹೊರಗೆ ತಂದವು, ನಡುವಿನ ಜ್ವಾಲಾಮುಖಿ ಬೂದಿ ಅವುಗಳ ವಯಸ್ಸು ಹೇಳಿತು.

ಪಶ್ಚಿಮ ಕವಲಿನ ಗುಣವೇ ಬೇರೆ. ಜ್ವಾಲಾಮುಖಿ ಕಡಿಮೆ, ಸರೋವರ ಹೆಚ್ಚು. ಟಾಂಗನಿಕಾ ಸರೋವರದ ಆಳ 1,470 ಮೀಟರ್, ಸೈಬೀರಿಯಾದ ಬೈಕಾಲ್ ಬಿಟ್ಟರೆ ಇದೇ ಜಗತ್ತಿನ ಅತಿ ಆಳದ ಸರೋವರ. ಬೈಕಾಲ್ ಕೂಡ ಖಂಡದ ಸೀಳೇ. ಪಶ್ಚಿಮ ಕವಲಿನಲ್ಲಿ ಭೂಕಂಪಗಳು 30, 40 ಕಿ.ಮೀ. ಆಳದಲ್ಲೂ ಹುಟ್ಟುತ್ತವೆ. ಅಷ್ಟು ಕೆಳಗೂ ಕಲ್ಲು ಒಡೆಯುತ್ತದೆ ಎಂದರೆ ಅಲ್ಲಿ ಶಿಲಾಗೋಳ ಇನ್ನೂ ತಣ್ಣಗಿದೆ, ಗಟ್ಟಿಯಾಗಿದೆ. ಈ ಎರಡು ಕವಲುಗಳ ನಡುವೆ ಇರುವುದು ಟಾಂಜಾನಿಯಾದ ಪುರಾತನ ಶಿಲಾಖಂಡ. ಸೀಳು ಅದನ್ನು ಭೇದಿಸಲಾರದೆ ಎರಡೂ ಬದಿಯಿಂದ ಬಳಸಿಕೊಂಡು ಹೋಗಿದೆ.

ಆರಿಹೋದ ಸೀಳುಗಳು

ಇಲ್ಲಿ ಈ ಲೇಖನದ ಮುಖ್ಯ ಮಾತಿಗೆ ಬರಬೇಕು. ಖಂಡ ಹರಿಯುವುದು ಬಲದ ಪ್ರಶ್ನೆ ಎಷ್ಟೋ, ವೇಗದ ಪ್ರಶ್ನೆಯೂ ಅಷ್ಟೇ. ಎಳೆತ ಬಿರುಸಾಗಿದ್ದರೆ ಕೆಳಗಿನಿಂದ ಬಿಸಿ ಮೇಲೇರಿ, ಶಿಲಾಗೋಳ ಇನ್ನಷ್ಟು ಮೆತ್ತಗಾಗಿ, ಎಳೆತ ಇನ್ನಷ್ಟು ಸಲೀಸಾಗುತ್ತದೆ. ಎಳೆತ ತೀರಾ ನಿಧಾನವಾದರೆ, ಮೇಲೇರಿದ ಮ್ಯಾಂಟಲ್ ಅಲ್ಲೇ ಆರುತ್ತದೆ. ಆರಿದ ಮ್ಯಾಂಟಲ್ ಶಿಲೆ ಭೂಕವಚದ ಶಿಲೆಗಿಂತ ಬಿರುಸು. ಅಂದರೆ ಹರಿಯಲು ಹೊರಟ ಜಾಗವೇ ಮೊದಲಿಗಿಂತ ಗಟ್ಟಿಯಾಗಿಬಿಡಬಹುದು. ಹಿಗ್ಗುವುದಕ್ಕೂ ಆರುವುದಕ್ಕೂ ನಡುವೆ ನಡೆಯುವ ಈ ಓಟದಲ್ಲಿ ಆರುವುದು ಗೆದ್ದ ಉದಾಹರಣೆಗಳೇ ಭೂಮಿಯ ಮೇಲೆ ಹೇರಳ.

ಅಂಥವನ್ನು ನೋಡಲು ದೂರ ಹೋಗಬೇಕಿಲ್ಲ. ನರ್ಮದೆ ಪಶ್ಚಿಮಕ್ಕೆ ಹರಿಯುವ ಕಣಿವೆ ಹಳೆಯ ಸೀಳು. ಗೋದಾವರಿಯ ಕೆಳದಂಡೆಯಲ್ಲಿ ಇನ್ನೊಂದು. ಗೊಂಡ್ವಾನ ಮಹಾಖಂಡ ಒಟ್ಟಾಗಿದ್ದ ಕಾಲದಲ್ಲಿ ಕುಸಿದ ಆ ತಗ್ಗಿನಲ್ಲಿ ಕಾಡು ಬೆಳೆದು, ಹೂತು, ಕಲ್ಲಿದ್ದಲಾಯಿತು. ಸಿಂಗರೇಣಿ ಗಣಿಗಳು ಇರುವುದು ಅಲ್ಲಿ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಅಲ್ಲಿಂದ ಕಲ್ಲಿದ್ದಲು ಬರುತ್ತದೆ. ನಮ್ಮ ಮನೆಯ ಬಲ್ಬಿನ ಹಿಂದೆ ಅರ್ಧಕ್ಕೆ ನಿಂತ ಒಂದು ಸೀಳಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನಿಂತ ಸೀಳು ಸತ್ತ ಸೀಳಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕಚ್ ಪ್ರದೇಶ ಗೊಂಡ್ವಾನ ಒಡೆಯುವ ಹೊತ್ತಿಗೆ ಹಿಗ್ಗಿ ಕುಸಿದ ನೆಲ. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ಅಲ್ಲಿ ಎಳೆತದ ಬದಲು ಒತ್ತಡ ಶುರುವಾಯಿತು. ಒಂದು ಕಾಲಕ್ಕೆ ಕೆಳಜಾರಿದ್ದ ಸ್ತರಭಂಗಗಳೇ ಈಗ ಮೇಲಕ್ಕೆ ತಳ್ಳಿಸಿಕೊಳ್ಳುತ್ತಿವೆ. 2001ರ ಜನವರಿ 26ರ ಬೆಳಿಗ್ಗೆ ಭುಜ್ ನೆಲಸಮವಾದದ್ದರ ಹಿಂದೆ ಇರುವುದು ಈ ಹಳೆಯ ಗಾಯ. 1997ರ ಜಬಲ್ಪುರ ಭೂಕಂಪವೂ ನರ್ಮದಾ ಸೀಳಿನದ್ದೇ.

ಮಲ್ಪೆಯಿಂದ ಕಾಣುವಷ್ಟು ದೂರದಲ್ಲಿ

ಗೆದ್ದ ಸೀಳು ಬೇಕೆಂದರೆ ಉಡುಪಿಯ ಮಲ್ಪೆಯಿಂದ ದೋಣಿ ಹತ್ತಬಹುದು. ಸೇಂಟ್ ಮೇರೀಸ್ ದ್ವೀಪದಲ್ಲಿ ನಿಂತ ಬಹುಕೋನದ ಶಿಲಾಕಂಬಗಳು ಲಾವಾ ಆರುವಾಗ ಕುಗ್ಗಿ ಬಿರಿದು ಆದವು ಎಂಬುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಆ ಕಲ್ಲನ್ನು ಬಸಾಲ್ಟ್ ಎಂದು ಕರೆಯುವ ರೂಢಿ ಇದ್ದರೂ ಅದರಲ್ಲಿ ಸಿಲಿಕಾ ಹೆಚ್ಚು. ರಸಾಯನದ ಲೆಕ್ಕದಲ್ಲಿ ಅದು ಡೇಸೈಟ್, ರಯೊಲೈಟ್ ಗುಂಪಿನದು. ಮ್ಯಾಂಟಲ್‌ನಿಂದ ಬಂದ ಬಿಸಿಗೆ ಭೂಕವಚದ ಒಂದು ಪಾಲೇ ಕರಗಿ ಇಂಥ ಕಲ್ಲಾಗುತ್ತದೆ. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಅದೇ ವಯಸ್ಸಿನ ಲಾವಾ ಕಡಲಾಚೆ ಮಡಗಾಸ್ಕರ್‌ನಲ್ಲಿ ರಾಶಿ ರಾಶಿ ಇದೆ. ಎರಡೂ ನೆಲ ಒಂದಾಗಿದ್ದು, ನಡುವೆ ಹಿಗ್ಗಿ, ಹರಿದು, ಸಮುದ್ರ ಹೊಕ್ಕ ಕಾಲ ಅದು. ಮಡಗಾಸ್ಕರ್‌ನ ಈಶಾನ್ಯ ತೀರದ ಅಂತೊಂಗಿಲ್ ಪ್ರದೇಶದ ಪುರಾತನ ಶಿಲೆಗಳನ್ನು ನಮ್ಮ ಧಾರವಾಡ ಶಿಲಾಖಂಡದ ಮುಂದುವರಿಕೆ ಎಂದೇ ಬಹಳ ಭೂವಿಜ್ಞಾನಿಗಳು ಗುರುತಿಸುತ್ತಾರೆ.

ಒಂದು ಸಲಕ್ಕೆ ಮುಗಿಯಲಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ದಖ್ಖನ್ ಲಾವಾ ಹರಿದ ಆಸುಪಾಸಿನಲ್ಲಿ, ಭಾರತದ ಪಶ್ಚಿಮ ಅಂಚಿನಿಂದ ಇನ್ನೊಂದು ತುಣುಕು ಕಳಚಿತು. ಅದರ ತಲೆ ಮಾತ್ರ ಇಂದು ಸೆಷೆಲ್ಸ್ ದ್ವೀಪಗಳಾಗಿ ನೀರಿನ ಮೇಲಿದೆ. ನಡುಗಡಲಿನಲ್ಲಿ ಗ್ರಾನೈಟ್ ಬೆಟ್ಟ ಸಿಗುವುದು ಆ ಕಾರಣಕ್ಕೆ. ಹರಿದ ಅಂಚುಗಳು ಬಿಸಿಯಿಂದಲೂ, ಭಾರ ಇಳಿದದ್ದರಿಂದಲೂ ಮೇಲೇಳುತ್ತವೆ. ಪಶ್ಚಿಮ ಘಟ್ಟದ ಗೋಡೆ ಇಂಥದೊಂದು ಅಂಚು ಎಂಬುದು ಬಹುಕಾಲದಿಂದ ಚಾಲ್ತಿಯಲ್ಲಿರುವ ವಿವರಣೆ. ತಲಕಾವೇರಿಯಿಂದ ಅರಬ್ಬಿ ಸಮುದ್ರಕ್ಕೆ ನೇರ ಗೆರೆ ಎಳೆದರೆ ಐವತ್ತು ಕಿ.ಮೀ. ಆಸುಪಾಸು. ಆದರೂ ಕಾವೇರಿ ಬೆನ್ನು ತಿರುಗಿಸಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಮೇಲೆದ್ದ ಅಂಚಿನಿಂದ ನೆಲ ಪೂರ್ವಕ್ಕೆ ವಾಲಿರುವುದೇ ಅದಕ್ಕೆ ಕಾರಣ ಎನ್ನುತ್ತಾರೆ.

ಹಾಗಾದರೆ ಆಫ್ರಿಕಾ? ಅಫಾರ್‌ನಲ್ಲಿ ಸಮುದ್ರ ಬರುವ ಬಗ್ಗೆ ನನಗೆ ಅನುಮಾನವಿಲ್ಲ, ಅಲ್ಲಿ ಬಿಸಿ ಆಗಲೇ ಗೆದ್ದಿದೆ. ದಕ್ಷಿಣದ ಕತೆ ಹಾಗೆ ಖಚಿತವಿಲ್ಲ. ‘ಇಷ್ಟು ವರ್ಷದಲ್ಲಿ ಆಫ್ರಿಕಾ ಎರಡು’ ಎಂದು ದಿನಾಂಕ ಹಾಕಿ ಬರೆಯುವವರು ಅಫಾರ್‌ನ ವೇಗವನ್ನು ಮಲಾವಿಗೂ ಅಂಟಿಸಿಬಿಡುತ್ತಾರೆ. ಸೀಳಿನ ತೀರಾ ಎಳೆಯ ತುದಿ ಬೋಟ್ಸ್ವಾನದಲ್ಲಿದೆ. ಅಂಗೋಲಾದ ಎತ್ತರದಲ್ಲಿ ಹುಟ್ಟುವ ಒಕವಾಂಗೊ ನದಿ ಅಲ್ಲಿ ಸ್ತರಭಂಗಗಳ ನಡುವೆ ಕುಸಿದ ತಗ್ಗಿಗೆ ಬಿದ್ದು, ಬೀಸಣಿಗೆಯಾಗಿ ಹರಡಿ, ಸಮುದ್ರ ಮುಟ್ಟದೆಯೇ ಮುಗಿಯುತ್ತದೆ. ತಗ್ಗಿನ ಆಗ್ನೇಯ ಅಂಚಿನ ತಮಲಕಾನೆ ಸ್ತರಭಂಗ ನದಿಯ ದಾರಿಗೆ ಅಡ್ಡ ನಿಂತಿದೆ. ಆನೆ, ಸಿಂಹ ನೋಡಲು ಹೋಗುವ ಪ್ರವಾಸಿಗಳಿಗೆ ಅಲ್ಲಿ ಸಿಗುವ ಜೌಗು ಕಾಡೆಲ್ಲ ಈ ಅಡ್ಡಗಟ್ಟಿನ ಫಲ. ಭೂಕಂಪಗಳು ಆಗುತ್ತಿರುತ್ತವೆ, ಆದರೆ ಜ್ವಾಲಾಮುಖಿ ಒಂದೂ ಇಲ್ಲ. ಭೂಕವಚ ಇನ್ನೂ ಹೆಚ್ಚೇನೂ ತೆಳುವಾಗಿಲ್ಲ. ಅದು ಇನ್ನೊಂದು ಅಫಾರ್ ಆಗುತ್ತದೋ, ಇನ್ನೊಂದು ಗೋದಾವರಿ ಕಣಿವೆಯಾಗುತ್ತದೋ ಎಂಬುದು ಕೆಳಗಿನ ಮ್ಯಾಂಟಲ್ ಎಷ್ಟು ಬೇಗ ಮೇಲೇರುತ್ತದೆ ಎಂಬುದಕ್ಕೆ ಬಿಟ್ಟದ್ದು.